ರಿಪೋರ್ಟ್ ಎಲ್ಲಾ ನಾರ್ಮಲ್ ಬಂದರೂ ಯಾಕೆ ಹುಷಾರಿಲ್ಲ ಅನಿಸುತ್ತದೆ?

ನಿಮಗಾಗುತ್ತಿರುವ ಸುಸ್ತು ನಿಜವೇ. ನಾರ್ಮಲ್ ಅಂದರೆ, ಹುಡುಕಿದ ಕಾಯಿಲೆ ಆ ಪರೀಕ್ಷೆಯಲ್ಲಿ ಸಿಗಲಿಲ್ಲ ಅಂತ ಅಷ್ಟೇ.

ಕಬ್ಬಿಣದ ಅಂಶವನ್ನೇ ನೋಡಿ. ಅದು ಕಡಿಮೆಯಾಗುವಾಗ ಮೊದಲು ಕರಗುವುದು ಮೈಯಲ್ಲಿ ಕೂಡಿಟ್ಟಿದ್ದು, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಹಾಗಾಗಿ ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕೂದಲು ಉದುರಬಹುದು, ಮೆಟ್ಟಿಲು ಹತ್ತಿದರೆ ಏದುಸಿರು ಬರಬಹುದು, ಸಂಜೆಯ ಹೊತ್ತಿಗೆ ಕೈಕಾಲು ಸೋತು ಹೋಗಬಹುದು. ಇದು ಗೊತ್ತಾಗುವುದು ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆಯಲ್ಲಿ, ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ಪರೀಕ್ಷೆಯಲ್ಲಿ ಅದು ಇರುವುದೇ ಇಲ್ಲ. ಇಸಿಜಿ ಕೂಡ ಸುಮಾರು 10 ಸೆಕೆಂಡಿನ ದಾಖಲೆ. ಯಾವಾಗಲೋ ಒಮ್ಮೆ ಎದೆ ಢವಗುಟ್ಟುವುದು ಅದೇ ಹೊತ್ತಿಗೆ ಬರಬೇಕಲ್ವಾ? ಅದಕ್ಕೆ 24 ಗಂಟೆಯ ಹೋಲ್ಟರ್, ಅಂದರೆ ಮೈಮೇಲೆ ಹಾಕಿಕೊಂಡೇ ಎದೆಬಡಿತ ದಾಖಲಿಸುವ ಪುಟ್ಟ ಯಂತ್ರ, ಬೇಕಾಗಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಮೈಗ್ರೇನ್ ಇವಂತೂ ರಕ್ತಪರೀಕ್ಷೆಯಲ್ಲಿ ಕಾಣಿಸುವುದೇ ಇಲ್ಲ.

ಅದೇ ಪರೀಕ್ಷೆಗಳನ್ನು ಸುಮ್ನೆ ಮತ್ತೆ ಮತ್ತೆ ಮಾಡಿಸಬೇಡಿ. ಎರಡು ವಾರ ಏನಾಗುತ್ತದೆ, ಯಾವ ಹೊತ್ತಲ್ಲಿ, ನಿದ್ದೆ ಹೇಗಿತ್ತು, ಯಾವ ಮಾತ್ರೆ ತಗೊಂಡಿರಿ ಅಂತ ಬರೆದಿಟ್ಟು ಒಬ್ಬರೇ ಡಾಕ್ಟರಿಗೆ ತೋರಿಸಿ, "ಇನ್ನೇನು ಇರಬಹುದು?" ಅಂತ ನೇರವಾಗಿ ಕೇಳಿ. ತೂಕ ತಾನಾಗಿ ಇಳಿಯುತ್ತಿದ್ದರೆ ಅಥವಾ ಜ್ವರ ಬಿಡದಿದ್ದರೆ ಎರಡು ವಾರ ಕಾಯಲೇಬೇಡಿ. ಎದೆನೋವು, ಉಸಿರಾಟದ ಕಷ್ಟ ಬಂದರೆ ಹಳೇ ರಿಪೋರ್ಟ್ ಏನೇ ಹೇಳಲಿ, ಆಗಲೇ ತುರ್ತು ಚಿಕಿತ್ಸೆಗೆ ಹೋಗಿ.