ಐಸಿಯು ಸೋಂಕಿಗೆ ಮೆರೊಪೆನೆಮ್‌ನಂಥ ಪ್ರಬಲ ಆ್ಯಂಟಿಬಯಾಟಿಕ್ ಕೂಡ ಕೆಲವೊಮ್ಮೆ ಏಕೆ ನಾಟುವುದಿಲ್ಲ?

ಔಷಧ ಕೆಲಸ ಶುರುಮಾಡುವ ಮೊದಲೇ ಬ್ಯಾಕ್ಟೀರಿಯಾ ಅದನ್ನು ಒಡೆದುಹಾಕುವುದು ಇದಕ್ಕೊಂದು ಮುಖ್ಯ ಕಾರಣ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಎನ್‌ಡಿಎಂ ಎಂಬ ಕಿಣ್ವ ತಯಾರಿಸುತ್ತವೆ. ಮೆರೊಪೆನೆಮ್ ಅಣುವಿನಲ್ಲಿ ನಾಲ್ಕು ಪರಮಾಣುಗಳ ಪುಟ್ಟ ಉಂಗುರವಿದೆ. ಔಷಧದ ಶಕ್ತಿಯೆಲ್ಲ ಅದರಲ್ಲೇ. ಕಿಣ್ವ ಸರಿಯಾಗಿ ಅದನ್ನೇ ಕತ್ತರಿಸುತ್ತದೆ. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ಇದು ಮೊದಲು ಪತ್ತೆಯಾಯಿತು.

ನನಗೆ ಹೆಚ್ಚು ಆತಂಕ ತರುವುದು ಇದು ಹರಡುವ ರೀತಿ. ಕಿಣ್ವದ ಜೀನ್ ಸಾಮಾನ್ಯವಾಗಿ ಇರುವುದು ಪ್ಲಾಸ್ಮಿಡ್‌ನಲ್ಲಿ, ಅಂದರೆ ವರ್ಣತಂತುವಿನಿಂದ ಬೇರೆಯಾಗಿರುವ ಚಿಕ್ಕ ಡಿಎನ್‌ಎ ತುಣುಕಿನಲ್ಲಿ. ಬ್ಯಾಕ್ಟೀರಿಯಾ ಅದರ ಪ್ರತಿಯನ್ನು ಇ. ಕೋಲೈನಂಥ ಬೇರೆ ಜಾತಿಗೂ ದಾಟಿಸಬಲ್ಲದು. ಐಸಿಯುನಲ್ಲಿ ಆ್ಯಂಟಿಬಯಾಟಿಕ್ ಬಳಕೆ ಜಾಸ್ತಿ. ಉಳಿದವು ಸತ್ತು ಇಂಥವೇ ಬೆಳೆಯುತ್ತವೆ. ಮೂತ್ರದ ಕ್ಯಾತಿಟರ್, ವೆಂಟಿಲೇಟರ್ ಕೊಳವೆ ಮತ್ತು ಶುಚಿಯಿಲ್ಲದ ಕೈ ಇವುಗಳಿಗೆ ದಾರಿ. ರೋಗಿಯನ್ನು ನೋಡಲು ಹೋದಾಗ ಮುಟ್ಟುವ ಮುನ್ನವೂ ಆಮೇಲೂ ದಯವಿಟ್ಟು ಕೈ ತೊಳೆಯಿರಿ.