ಸ್ಟುಟ್‌ಗಾರ್ಟ್ ಸುತ್ತಲಿನ ಸಣ್ಣ ಕಮರಿಗಳು: ತೊರೆಯ ದಾರಿಯಲ್ಲಿ ಹತ್ತಿ, ಕಾಡಿನ ರಸ್ತೆಯಲ್ಲಿ ಇಳಿಯಿರಿ

ಮೇಡಂ, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಮೇ ಕೊನೆಗೆ ಊರಿಂದ ಅತ್ತೆ ಮಾವ ಬರುತ್ತಾರೆ, ಅತ್ತೆಗೆ ಮಂಡಿ ನೋವು, ಮಗಳಿಗೆ ಏಳು ವರ್ಷ, ಕಾರಿಲ್ಲ, ಸ್ಟುಟ್‌ಗಾರ್ಟ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವಂಥ ಕಮರಿ ಯಾವುದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆಗೆ ಮೇಲೆ ಒಬ್ಬರು ಪಾರ್ಟ್‌ನಾಖ್‌ಕ್ಲಾಮ್ ಅನ್ನುವ ಕಮರಿಗೆ ಹೋಗಿ ಅಂದಿದ್ದಾರೆ. ಅದು ಖಂಡಿತ ಭವ್ಯ ಜಾಗ. ಆದರೆ ನಿಮ್ಮ ಕಡೆಯಿಂದ ಆಲ್ಪ್ಸ್ ಬುಡಕ್ಕೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅಲ್ಲಿ ಟಿಕೆಟ್ ಕೊಂಡು ಜನರ ಸಾಲಿನಲ್ಲಿ ನಡೆಯಬೇಕು. ನಿಮ್ಮ ಮನೆ ಹತ್ತಿರವೇ ಕಾಡಿನೊಳಗೆ ಎಷ್ಟೋ ಸಣ್ಣ ಕಮರಿಗಳಿವೆ. ದುಡ್ಡು ಕೊಡಬೇಕಿಲ್ಲ, ಬೇಕಾದಲ್ಲಿ ಕೂರಬಹುದು.

ನನ್ನ ಮೊದಲ ಸಲಹೆ ಮುರ್‌ಹಾರ್ಟ್ ಊರಿನ ಹೋರ್ಶ್‌ಬಾಖ್ ಕಮರಿ. ಪ್ರಾದೇಶಿಕ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ನಿಲ್ದಾಣದಿಂದ ನಡೆದೇ ಹೋಗಬಹುದು. ಒಳಗೆ ಎರಡು ಜಲಪಾತ. ಒಂದು ಕೆಳಗೆ, ಒಂದು ಮೇಲೆ. ಕೆಳಗಿನ ಜಲಪಾತದವರೆಗೆ ದಾರಿ ಸುಲಭ, ಅತ್ತೆಯವರೂ ಬರಬಹುದು. ಅಲ್ಲಿಂದ ಮುಂದೆ ಬೇರು, ಮೆಟ್ಟಿಲು, ಸಣ್ಣ ಮರದ ಸೇತುವೆಗಳು. ಮಾವನವರು ಗಟ್ಟಿಯಾಗಿದ್ದರೆ ಅವರೂ ಮಗಳೂ ಮೇಲೆ ಹೋಗಿ ಬರಲಿ, ನೀವು ಅತ್ತೆ ಜೊತೆ ಕೆಳಗೆ ಬುತ್ತಿ ಬಿಚ್ಚಿ ಕೂರಿ.

ಈ ಕಾಡಿನ ಕಮರಿಗಳು ಹೀಗೇಕೆ ಇವೆ ಅಂತ ಮಗಳಿಗೆ ತೋರಿಸಿ ಹೇಳಲು ಅದೇ ಸರಿಯಾದ ಜಾಗ. ಶ್ವೇಬಿಷರ್ ವಾಲ್ಡ್ ಅನ್ನುವ ಈ ಕಾಡಿನಲ್ಲಿ ಗಟ್ಟಿ ಮರಳುಗಲ್ಲಿನ ಪದರದ ಕೆಳಗೆ ಮೆತ್ತನೆಯ ಜೇಡಿಪದರ ಇರುತ್ತದೆ. ನೀರು ಮೆತ್ತನೆಯದನ್ನು ಬೇಗ ಕೊರೆಯುತ್ತದೆ. ಮೇಲಿನ ಗಟ್ಟಿ ಕಲ್ಲು ಸೂರಿನ ಹಾಗೆ ಮುಂದಕ್ಕೆ ಚಾಚಿ ಉಳಿಯುತ್ತದೆ, ಭಾರ ತಡೆಯದಾದಾಗ ಮುರಿದು ಬೀಳುತ್ತದೆ. ತೊರೆಯಲ್ಲಿ ಬಿದ್ದಿರುವ ಮಂಚದಷ್ಟು ದೊಡ್ಡ ಬಂಡೆಗಳೆಲ್ಲ ಹಾಗೆ ಬಂದವು. ಆದ್ದರಿಂದ ಆ ಚಾಚಿದ ಕಲ್ಲಿನ ಅಡಿಯಲ್ಲಿ ಊಟಕ್ಕೆ ಕೂರಬೇಡಿ, ನೆರಳಿದ್ದರೂ ಬೇಡ. ಈ ಸೀಮೆಯ ನಕ್ಷೆಯಲ್ಲಿ ಹೆಸರಿನ ಕೊನೆಗೆ ‘ಕ್ಲಿಂಗೆ’ ಅಂತ ಇರುವುದೆಲ್ಲ ಇಂಥ ಸಣ್ಣ ಕಮರಿಗಳೇ. ಎಬ್ನಿಸೇ ಕೆರೆಯ ಸುತ್ತ ಹಲವು ಸಿಗುತ್ತವೆ. ಆ ಕೆರೆಯೂ ತಾನಾಗಿ ಆದದ್ದಲ್ಲ. ಕಡಿದ ಮರವನ್ನು ನೀರಿನಲ್ಲಿ ತೇಲಿಸಿ ಕೆಳಗೆ ಸಾಗಿಸಲು 18ನೇ ಶತಮಾನದಲ್ಲಿ ತೊರೆಗೆ ಕಟ್ಟೆ ಹಾಕಿ ಮಾಡಿದ್ದು.

ಎರಡನೆಯದು ಮೋನ್‌ಬಾಖ್ ಕಮರಿ, ಬಾಡ್ ಲೀಬೆನ್‌ಟ್ಸೆಲ್ ಪಕ್ಕ. ಫೋರ್ಟ್ಸ್‌ಹೈಮ್‌ನಲ್ಲಿ ರೈಲು ಬದಲಿಸಿದರೆ ಮೋನ್‌ಬಾಖ್-ನಾಯ್‌ಹೌಸೆನ್ ಅನ್ನುವ ಪುಟ್ಟ ನಿಲ್ದಾಣ ಕಮರಿಯ ಬಾಯಿಗೇ ಇಳಿಸುತ್ತದೆ. ಪಾಚಿ ಹೊದ್ದ ಕೆಂಪು ಮರಳುಗಲ್ಲಿನ ಬಂಡೆಗಳು, ನಡುವೆ ತೊರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಆದರೆ ತೊರೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕಾಗುತ್ತದೆ. ಮಂಡಿ ನೋವಿರುವವರಿಗೆ ಇದು ಆಗುವುದಿಲ್ಲ. ಅತ್ತೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ದಿನ ಇಟ್ಟುಕೊಳ್ಳಿ.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಕಮರಿಯನ್ನು ಕಿಲೋಮೀಟರ್ ನೋಡಿ ಆರಿಸಬೇಡಿ, ಫೋಟೋ ನೋಡಿಯೂ ಬೇಡ. ಒಳಗೆ ಹೋದ ಮೇಲೆ ಎಲ್ಲೆಲ್ಲಿ ಹೊರಗೆ ಬರಬಹುದು ಅಂತ ನೋಡಿ ಆರಿಸಿ. ಬಯಲಿನಲ್ಲಿ ಸುಸ್ತಾದರೆ ಅಡ್ಡದಾರಿ ಹಿಡಿಯಬಹುದು. ಕಮರಿಯಲ್ಲಿ ಎರಡೂ ಕಡೆ ಗೋಡೆ, ಮುಂದೆ ಹೋಗಬೇಕು ಇಲ್ಲ ಹಿಂದೆ ಬರಬೇಕು. ನಕ್ಷೆಯಲ್ಲಿ ಮೊದಲೇ ಅಡ್ಡ ಹಾಯುವ ರಸ್ತೆ, ಮೇಲೆ ಹತ್ತುವ ಕಾಲುದಾರಿ ಗುರುತು ಮಾಡಿಕೊಳ್ಳಿ. ಇನ್ನೊಂದು, ಕಮರಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಒದ್ದೆ ಕಲ್ಲಿನ ಮೇಲೆ ಹತ್ತುವಾಗ ಜಾರುವುದು ಕಡಿಮೆ, ಇಳಿಯುವಾಗ ಜಾಸ್ತಿ. ಮಂಡಿಗೂ ಇಳಿಜಾರೇ ಶತ್ರು, ಅಲ್ವಾ? ವಾಪಸ್ ಬರಲು ಮೇಲ್ಗಡೆ ಎಲ್ಲೋ ಮರ ಸಾಗಿಸುವ ಲಾರಿಗಳ ಅಗಲ ಜಲ್ಲಿರಸ್ತೆ ಇದ್ದೇ ಇರುತ್ತದೆ. ಸ್ವಲ್ಪ ಸುತ್ತಾದರೂ ಅದರಲ್ಲೇ ಇಳಿಯಿರಿ.

ಮಳೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸಣ್ಣ ತೊರೆಗಳಲ್ಲಿ ಬೇಸಿಗೆ ಕೊನೆಗೆ ನೀರೇ ಇರುವುದಿಲ್ಲ, ಮಳೆ ಬಂದ ಮರುದಿನ ಜಲಪಾತ ಚೆಂದ. ಆದರೆ ಗುಡುಗು ಮಳೆಯ ಮುನ್ಸೂಚನೆ ಇರುವ ದಿನ ಕಮರಿಗೆ ಹೋಗಲೇಬೇಡಿ. 2016ರ ಮೇ 29ರಂದು ಶ್ವೇಬಿಷ್ ಹಾಲ್ ಹತ್ತಿರದ ಬ್ರೌನ್ಸ್‌ಬಾಖ್ ಹಳ್ಳಿಯಲ್ಲಿ ಆದದ್ದು ಇದೇ. ಓರ್ಲಾಖರ್ ಬಾಖ್ ಅನ್ನುವ ತೊರೆಗೆ ನೀರು ಬರುವ ಜಾಗ ಬರೀ 6 ಚದರ ಕಿಲೋಮೀಟರ್ ಆಸುಪಾಸು. ಅಂಥ ಪುಟ್ಟ ತೊರೆ ಒಂದು ಸಂಜೆಯ ಮಳೆಗೆ ಬಂಡೆ, ಮರ, ಕಾರುಗಳನ್ನು ಊರೊಳಗೆ ಉರುಳಿಸಿಕೊಂಡು ಬಂತು. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಮಳೆ ಸುರಿಯುತ್ತಿರಬಹುದು. ಜರ್ಮನ್ ಹವಾಮಾನ ಇಲಾಖೆಯ ವಾರ್ನ್‌ವೆಟ್ಟರ್ ಆ್ಯಪ್ ಹಾಕಿಕೊಂಡು ಬೆಳಿಗ್ಗೆ ನೋಡಿ. ಒಳಗೆ ಹೋದ ಮೇಲೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಕಾಡಿನಲ್ಲಿ ಹಸಿರು ಹಿನ್ನೆಲೆಯ ಬಿಳಿ ಶಿಲುಬೆ ಗುರುತಿನ, ನಂಬರ್ ಇರುವ ಫಲಕ ಕಂಡರೆ ಆ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ತೊಂದರೆಯಾದಾಗ ತುರ್ತು ಸಂಖ್ಯೆ 112ಕ್ಕೆ ಅದನ್ನೇ ಹೇಳಿದರೆ ಬೇಗ ಹುಡುಕುತ್ತಾರೆ.

‘ಗೆಶ್ಪೆರ್ಟ್’ (ಮುಚ್ಚಿದೆ) ಅಂತ ಪಟ್ಟಿ ಕಟ್ಟಿದ್ದರೆ ದಾಟಬೇಡಿ. ಈ ಕಮರಿಗಳಲ್ಲಿ ಎಷೆ (ಇಂಗ್ಲಿಷ್‌ನಲ್ಲಿ ಆ್ಯಶ್) ಮರಗಳು ಜಾಸ್ತಿ. ಶಿಲೀಂಧ್ರ ರೋಗದಿಂದ ಅವು ಒಣಗಿ ಸಾಯುತ್ತಿವೆ. ಒಣಗಿದ ಕೊಂಬೆ ಗಾಳಿ ಇಲ್ಲದೆಯೂ ಬೀಳುತ್ತದೆ. ಹೊರಡುವ ಹಿಂದಿನ ದಿನ ಆ ಊರಿನ ಪುರಸಭೆಯ ಪುಟದಲ್ಲಿ ದಾರಿ ತೆರೆದಿದೆಯಾ ನೋಡಿ.

ಇಲ್ಲಿ ನಮ್ಮ ಮಲೆನಾಡಿನ ಇಂಬಳದ ಕಾಟವಿಲ್ಲ, ಉಣುಗಿನ ಕಾಟ ಇದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದ ಬಹುತೇಕ ಭಾಗ ಎಫ್‌ಎಸ್‌ಎಂಇ ಅನ್ನುವ ಮಿದುಳು ಜ್ವರದ ಅಪಾಯ ಇರುವ ಪ್ರದೇಶ. ನಮ್ಮ ಮಂಗನ ಕಾಯಿಲೆಯ ವೈರಾಣು ಇದೇ ಗುಂಪಿನದು, ಎರಡನ್ನೂ ಹರಡುವುದು ಉಣುಗು. ಲಸಿಕೆ ಇದೆ, ಮೂರು ಡೋಸ್. ನಿಮಗೂ ಮಗಳಿಗೂ ಆಗಿಲ್ಲದಿದ್ದರೆ ವೈದ್ಯರನ್ನು ಈಗಲೇ ಕೇಳಿ. ಉಣುಗಿನಿಂದ ಬರುವ ಬೊರೆಲಿಯೋಸಿಸ್‌ಗೆ (ಲೈಮ್ ಕಾಯಿಲೆ) ಲಸಿಕೆ ಇಲ್ಲ. ಅದಕ್ಕೆ ಉಣುಗನ್ನು ಬೇಗ ತೆಗೆಯುವುದೇ ದಾರಿ. ಸಂಜೆ ಮನೆಗೆ ಬಂದ ತಕ್ಷಣ ಮಂಡಿ ಹಿಂದೆ, ಕಂಕುಳು, ಸೊಂಟ, ಮಗಳ ಕೂದಲಿನ ಅಂಚು ನೋಡಿ. ಎಣ್ಣೆ ಗಿಣ್ಣೆ ಹಚ್ಚಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಅತ್ತೆಯವರಿಗೆ ಸೀರೆಯ ಬದಲು ಚೂಡಿದಾರ್, ಉದ್ದ ಕಾಲುಚೀಲ ಒಳ್ಳೆಯದು.

ಬೇರ್‌ಲೌಖ್ ಅನ್ನುವ ಕಾಡು ಬೆಳ್ಳುಳ್ಳಿ ಸೊಪ್ಪಿನ ಬಗ್ಗೆಯೂ ಹೇಳಬೇಕು. ವಸಂತದಲ್ಲಿ ಕಮರಿಯ ತಳವೆಲ್ಲ ಬೆಳ್ಳುಳ್ಳಿ ವಾಸನೆ. ನಮ್ಮವರಿಗೆ ಚಟ್ನಿ ನೆನಪಾಗುವುದು ಸಹಜ. ಸಂರಕ್ಷಿತ ಪ್ರದೇಶದಲ್ಲಿ ಒಂದೆಲೆಯನ್ನೂ ಕೀಳುವಂತಿಲ್ಲ, ಈ ಕಮರಿಗಳಲ್ಲಿ ಹಲವು ಸಂರಕ್ಷಿತವೇ. ಹೊರಗೆ ಕಿತ್ತರೂ, ಅದೇ ಥರ ಎಲೆ ಇರುವ ಹೆರ್ಬ್ಸ್ಟ್‌ಸೈಟ್‌ಲೋಸೆ ಗಿಡ ಭಾರಿ ವಿಷ. ನಾಲ್ಕು ಎಲೆ ಕಿತ್ತ ಮೇಲೆ ಕೈಗೇ ಬೆಳ್ಳುಳ್ಳಿ ವಾಸನೆ ಅಂಟಿರುತ್ತದೆ, ಆಮೇಲೆ ಮೂಸಿ ಗುರುತು ಹಿಡಿಯಲು ಆಗುವುದಿಲ್ಲ. ಅಂಗಡಿಯಲ್ಲಿ ಕೊಳ್ಳಿ.

ಟಿಕೆಟ್: ಡಾಯ್ಚ್‌ಲಾಂಡ್‌ಟಿಕೆಟ್ ತಿಂಗಳ ಚಂದಾ, ನಾಲ್ಕು ದಿನಕ್ಕೆ ಬರುವವರಿಗೆ ಸುಮ್ನೆ ಖರ್ಚು. ಎಲ್ಲರೂ ಒಟ್ಟಿಗೆ ಹೋಗುವ ದಿನ ಬಾಡೆನ್-ವುರ್ಟೆಂಬೆರ್ಗ್ ಟಿಕೆಟ್ ತೆಗೆದುಕೊಳ್ಳಿ, ಐದು ಜನರವರೆಗೆ ಸೇರಿಸಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ನಡೆಯುತ್ತದೆ. ಹಳ್ಳಿಯ ಊಟದ ಮನೆಗಳು ಸೋಮವಾರ, ಮಂಗಳವಾರ ಮುಚ್ಚಿರುವುದು ಜಾಸ್ತಿ, ಭಾನುವಾರ ಅಂಗಡಿ ಇಲ್ಲ. ಚಿತ್ರಾನ್ನ ಕಟ್ಟಿಕೊಂಡೇ ಹೋಗಿ. ಕಮರಿಯೊಳಗೆ ಶೌಚಾಲಯ ಇರುವುದಿಲ್ಲ, ಹಿರಿಯರಿಗೆ ನಿಲ್ದಾಣದಲ್ಲೇ ನೆನಪಿಸಿ.

ವೂಟಾಖ್ ಕಮರಿ ಬಗ್ಗೆ ಕೇಳಿದ್ದೀರಿ. ಅದು ನನಗೆ ಬಹಳ ಇಷ್ಟವಾದದ್ದು. ಮೊದಲು ಡಾನ್ಯೂಬ್‌ಗೆ ಹರಿಯುತ್ತಿದ್ದ ಹೊಳೆಯನ್ನು ಹಿಮಯುಗದ ಕೊನೆಗೆ ರೈನ್ ಕಡೆಯ ಹೊಳೆ ಸೆಳೆದುಕೊಂಡಿತು. ಇಳಿಜಾರು ಒಮ್ಮೆಲೇ ಹೆಚ್ಚಿ ಈ ಕಮರಿ ಕೊರೆಯಿತು. ಒಂದು ಕಡೆ ನೀರು ಸುಣ್ಣಕಲ್ಲಿನ ಬಿರುಕಿನಲ್ಲಿ ಇಂಗಿ, ಕೆಳಗೆ ಮತ್ತೆ ಹೊರಬರುತ್ತದೆ. ಆದರೆ ಶಾಟನ್‌ಮ್ಯೂಲೆಯಿಂದ ವೂಟಾಖ್‌ಮ್ಯೂಲೆಗೆ ಸುಮಾರು 13 ಕಿಲೋಮೀಟರ್, ನಡುವೆ ಹೊರದಾರಿ ಕಡಿಮೆ. ಅತ್ತೆ ಮಾವ ಹೋದ ಮೇಲೆ ನೀವಿಬ್ಬರೇ ಹೋಗಿ.

ಕೆಳಗಿನ ಕಾಮೆಂಟ್‌ನಲ್ಲಿ ಮ್ಯೂನಿಕ್‌ನ ಒಬ್ಬರು ಮಗುವಿನ ತಳ್ಳುಗಾಡಿಯೊಂದಿಗೆ ಐಸೆನಾಖ್‌ನ ಡ್ರಾಖೆನ್‌ಶ್ಲುಖ್ಟ್ ಕಮರಿಗೆ ಹೋಗಬಹುದಾ ಅಂದಿದ್ದಾರೆ. ಆಗುವುದಿಲ್ಲ. ಅಲ್ಲಿ ಗೋಡೆಗಳ ನಡುವೆ ಕೆಲವು ಕಡೆ 70 ಸೆಂಟಿಮೀಟರ್ ಕೂಡ ಇಲ್ಲ, ಬೆನ್ನಿಗೆ ಮಗು ಕಟ್ಟಿಕೊಂಡರೂ ಗೋಡೆ ತಾಗುತ್ತದೆ. ಮ್ಯೂನಿಕ್‌ನವರಿಗೆ ಸ್ಟಾರ್ನ್‌ಬೆರ್ಗ್‌ನ ಮೈಸಿಂಗರ್ ಕಮರಿ ಸರಿ. ಎಸ್-ಬಾನ್ ಉಪನಗರ ರೈಲಿನಲ್ಲಿ ಹೋಗಿ, ಅಗಲವಾದ ದಾರಿ, ಮುಂದೆ ಕೆರೆ ಪಕ್ಕ ಊಟದ ಮನೆ ಇದೆ.