ಹಳೇ ಲ್ಯಾಪ್‌ಟಾಪ್‌ಗೆ ಎಷ್ಟು ಕೇಳಬೇಕು? ಮೊದಲು ಆ ಬಿಲ್ ಎತ್ತಿಡಿ

58 ಸಾವಿರದ ಲ್ಯಾಪ್‌ಟಾಪ್, ನಾಲ್ಕು ವರ್ಷ ಆಗಿದೆ, ಅರ್ಧ ರೇಟು ಕೇಳಿದರೆ ನ್ಯಾಯವಾ ಅಂತ ಕೇಳಿದ್ದೀರಿ. ಆ 58 ಸಾವಿರವನ್ನು ಮೊದಲು ಮರೆತುಬಿಡಿ. ನಾನು ನನ್ನ ಲ್ಯಾಪ್‌ಟಾಪಿನ ಬಿಲ್ ಮರೆಯದೆ ಹಟ ಹಿಡಿದು ಕೂತೆ, ಕೊನೆಗೆ ಕೈಗೆ ಬಂದಿದ್ದು 9 ಸಾವಿರ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳ ಲೆಕ್ಕ ಬರೆಯುವುದು ನನ್ನ ಕೆಲಸ. 2018ರಲ್ಲಿ 46 ಸಾವಿರ ಕೊಟ್ಟು ಐ5 ಲ್ಯಾಪ್‌ಟಾಪ್ ತಗೊಂಡಿದ್ದೆ, ಅದರ ಇಂಟೆಲ್ ಪ್ರೊಸೆಸರ್ ಏಳನೇ ಜನರೇಷನ್. ಆಮೇಲೆ ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಹಾಕಿಸಿದೆ, ರ್‍ಯಾಮ್ 8 ಜಿಬಿ ಮಾಡಿಸಿದೆ, ಬ್ಯಾಟರಿ, ಕೀಬೋರ್ಡ್ ಎರಡನ್ನೂ ಬದಲಿಸಿದೆ. 2025ರ ಬೇಸಿಗೆಯಲ್ಲಿ ಮಾರಲು ಹೊರಟಾಗ ಈ ಬಿಲ್ಲುಗಳನ್ನೆಲ್ಲ ಕೂಡಿಸಿ, ಹಳತಾಗಿದ್ದಕ್ಕೆ ವರ್ಷಕ್ಕೆ 10% ಸವಕಳಿ ಕಳೆದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಸವಕಳಿ 40%. ಲೆಕ್ಕ ಬರೆಸುವ ಪಾರ್ಟಿಗಳ ಪುಸ್ತಕದಲ್ಲಿ ಅದನ್ನೇ ಹಾಕುವವನು ನಾನು! ನನ್ನ ಸ್ವಂತ ಮಾಲಿಗೆ ಮಾತ್ರ 10 ಸಾಕು ಅನಿಸಿತು. 28 ಸಾವಿರ ಅಂತ ಓಎಲ್‌ಎಕ್ಸ್‌ನಲ್ಲಿ ಹಾಕಿದೆ.

ಸಿರುಗುಪ್ಪ ಕಡೆಯಿಂದ ಒಬ್ಬರು ಬಿ.ಕಾಂ. ಓದುವ ಮಗಳನ್ನು ಕರಕೊಂಡು ಬಂದರು. ಅವರು ಸ್ಕ್ರೀನ್ ನೋಡಲೇ ಇಲ್ಲ. ಪಕ್ಕದಲ್ಲಿ ಬಿಸಿ ಗಾಳಿ ಬರುವ ಜಾಲರಿಗೆ ಅಂಗೈ ಹಿಡಿದು, ಬೆರಳಿಗೆ ಹತ್ತಿದ ಕೆಂಪು ಧೂಳನ್ನು ನನಗೇ ತೋರಿಸಿದರು. ನಮ್ಮೂರ ಅದಿರು ಲಾರಿಗಳ ಕೃಪೆ. ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ಅಂಕಲ್, ಇದಕ್ಕ ವಿಂಡೋಸ್ 11 ಬರ್ತದೇನ್ರಿ?" "10 ಚಲೋ ಐತಲ್ಲಮ್ಮ" ಅಂತ ತೇಲಿಸಿದೆ. ಅವರಪ್ಪ, "17 ಕೊಡ್ತೀನ್ರಿ ಸರ, ಈಗ್ಲೇ ಫೋನ್‌ಪೇ ಮಾಡ್ತೀನಿ" ಅಂದರು. ಎಸ್‌ಎಸ್‌ಡಿ ಒಂದಕ್ಕೇ ನಾಲ್ಕು ಸಾವಿರ ಹಾಕಿದ್ದೀನಿ ಅಂತ ವಾದ ಮಾಡಿ ಕಳಿಸಿಬಿಟ್ಟೆ.

ಆ ನಾಲ್ಕು ಸಾವಿರದ ಮಾತೇ ನನ್ನನ್ನು ಮುಳುಗಿಸಿದ್ದು. ಎಸ್‌ಎಸ್‌ಡಿ ಇಲ್ಲದಿದ್ದರೆ ಆ ಲ್ಯಾಪ್‌ಟಾಪನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ. ಅಂದರೆ ಆ ದುಡ್ಡು ಹೋಗಿದ್ದು ಅದನ್ನು ಮಾರುವ ಹಾಗೆ ಮಾಡಲಿಕ್ಕೆ. ಬ್ಯಾಟರಿ, ಕೀಬೋರ್ಡ್ ಬರೀ ರಿಪೇರಿ. ಟೈರ್ ಬದಲಿಸಿದ ಖರ್ಚನ್ನು ಹಳೇ ಬೈಕಿನ ರೇಟಿಗೆ ಪೂರ್ತಿ ಸೇರಿಸಿದರೆ ಯಾರಾದರೂ ಕೊಡ್ತಾರಾ? ನಾನು ಖರ್ಚು ಮಾಡಿದ್ದನ್ನು ಇನ್ನೊಬ್ಬರು ತುಂಬಿಕೊಡಲಿ ಅಂತ ಕಾಯುತ್ತಿದ್ದೆ. ಅತ್ತ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ವಿಂಡೋಸ್ 11 ಅಧಿಕೃತವಾಗಿ ಬೇಕಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಮೇಲಿರಬೇಕು, ನನ್ನದು ಏಳನೇದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ರಿಜಿಸ್ಟರ್ ಮಾಡಿಕೊಂಡವರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ ಅಂತ ಬಂದವರಿಗೆಲ್ಲ ಹೇಳಿದೆ. ಯಾರು ಕೇಳ್ತಾರೆ? ದೀಪಾವಳಿ ಕಳೆದ ಮೇಲೆ ಅಂಗಡಿಯವನೊಬ್ಬ 9 ಸಾವಿರ ಎಣಿಸಿ ಕೊಟ್ಟ, ತಗೊಂಡು ಬಂದೆ.

ಹಾಗಾಗಿ ಅರ್ಧ, ಕಾಲು ಅನ್ನೋ ಲೆಕ್ಕವೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ 58 ಸಾವಿರಕ್ಕೆ ತೆರಿಗೆಯ 40% ಪ್ರಕಾರ, ಪ್ರತಿ ವರ್ಷ ಉಳಿದ ಮೊತ್ತದ ಮೇಲೆ, ನಾಲ್ಕು ವರ್ಷ ಕಳೆದರೆ ಏಳೂವರೆ ಸಾವಿರ ಉಳಿಯುತ್ತದೆ. ಅದೂ ಬೆಲೆಯಲ್ಲ, ಸುಮ್ನೆ ಪುಸ್ತಕದ ಅಂಕಿ. ಕೊಳ್ಳುವವನು ಅದೇ ದುಡ್ಡಿಗೆ ಬೇರೆ ಏನು ಸಿಗುತ್ತೆ ಅಂತ ನೋಡ್ತಾನೆ. ನೀವೂ ಅದನ್ನೇ ನೋಡಿ. ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡ್ ಕಡೆಯಿಂದ ಬರುವ, ಕಂಪನಿಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳಿಗೆ ಅಂಗಡಿಯವರು ಒಂದಷ್ಟು ತಿಂಗಳ ವಾರಂಟಿ ಕೊಡ್ತಾರೆ. ನೀವು ಕೊಡಲ್ಲ. ಹಾಗಾಗಿ ಅವರಿಗಿಂತ ಎರಡು ಮೂರು ಸಾವಿರ ಕೆಳಗೇ ಇರಬೇಕು. ಓಎಲ್‌ಎಕ್ಸ್‌ನಲ್ಲಿ ಕಾಣುವುದು ಕೇಳುವ ರೇಟು, ವ್ಯಾಪಾರ ಕುದುರಿದ ರೇಟಲ್ಲ. ನಾನು ಹಾಕಿದ 28 ಸಾವಿರವನ್ನು ನೋಡಿ ಎಷ್ಟು ಜನ ತಮ್ಮದಕ್ಕೆ 30 ಹಾಕಿಕೊಂಡರೋ!

ಒಂದು ವಿಷಯ ಮಾತ್ರ ನಿಮ್ಮ ಕಡೆ ಇದೆ. 2025ರ ಕೊನೆಯಿಂದ ರ್‍ಯಾಮ್ ರೇಟು ಜಾಸ್ತಿ ಆಗಿದೆ, ಹೊಸ ಲ್ಯಾಪ್‌ಟಾಪ್‌ಗಳಿಗೂ ಅದರ ಬಿಸಿ ತಟ್ಟುತ್ತಿದೆ. ಹಾಗಂತ ಇನ್ನೂ ಏರಲಿ ಅಂತ ಕಾಯಬೇಡಿ.

ಬ್ಯಾಟರಿಯನ್ನೂ ಮೊದಲೇ ನೋಡಿಕೊಳ್ಳಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದಿದ್ದಾಗ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗ ಎಷ್ಟು ಅಂತ ಅದರಲ್ಲೇ ಇರುತ್ತದೆ. ನಮ್ಮ ಕಡೆ ಬಿಸಿಲಿಗೆ ಬ್ಯಾಟರಿ ಬೇಗ ಬಳಲುತ್ತದೆ. ಅರ್ಧಕ್ಕೆ ಇಳಿದಿದ್ದರೆ ನೀವೇ ಹೇಳಿಬಿಡಿ, ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮದು 11ನೇ ಜನರೇಷನ್, 8 ಜಿಬಿ, 512ರ ಎಸ್‌ಎಸ್‌ಡಿ ಅಂದಿದ್ದೀರಿ. ನಾನಾಗಿದ್ದರೆ ಫ್ಯಾನ್ ಕ್ಲೀನ್ ಮಾಡಿಸಿ 23 ಅಂತ ಹಾಕುತ್ತಿದ್ದೆ, 20 ಅಂದವರಿಗೆ ಕೊಡುತ್ತಿದ್ದೆ. ಚಾರ್ಜರ್ ಒರಿಜಿನಲ್ ಅಲ್ಲದಿದ್ದರೆ ಇನ್ನೊಂದು ಸಾವಿರ ಇಳಿಸಿ. ದುಡ್ಡು ಅಕೌಂಟಿಗೆ ಬಿದ್ದಿದ್ದನ್ನು ನಿಮ್ಮ ಫೋನಿನಲ್ಲೇ ನೋಡಿಕೊಂಡು ಕೊಡಿ, ಅವರು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ.